ಬೀರಕ್ಕನ ಒಲೆ

ಶಿರಾದಿಂದ ಹಿರಿಯೂರಿನ ಕಡೆಗೆ ಹೋಗುವ ಹೆದ್ದಾರಿಯನ್ನು ಬಿಟ್ಟು, ಜಾಲಿಮರಗಳ ನಡುವಿನ ಮಣ್ಣುದಾರಿ ಹಿಡಿದು ಒಂದಷ್ಟು ದೂರ ನಡೆದರೆ ಕಣಗಲಹಟ್ಟಿ ಎಂಬ ಊರು ಸಿಗುತ್ತದೆ. ಊರಿನ ಬೆನ್ನಿಗೆ ಒಂದು ಬೋಳುಗುಡ್ಡ. ಗುಡ್ಡದ ನೆತ್ತಿಯಲ್ಲಿ ಒಂದು ಪಾಳು ಬಂಗಲೆ. ಅದಕ್ಕೆ ಸೂರಿಲ್ಲ, ಕದಗಳಿಲ್ಲ, ಕಿಟಕಿಗಳಿಗೆ ಚೌಕಟ್ಟೂ ಉಳಿದಿಲ್ಲ. ಕಲ್ಲುಗೋಡೆಗಳು ಮಾತ್ರ ಗಟ್ಟಿಯಾಗಿ ನಿಂತಿವೆ, ಅವುಗಳ ತಲೆಯ ಮೇಲೆ ಆರು ಹೊಗೆಗೂಡುಗಳು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಅಲ್ಲಿಯ ದೊಡ್ಡ ಮನೆತನದವರು ಕಟ್ಟಿಸಿಕೊಳ್ಳುತ್ತಿದ್ದ ಬಗೆಯ ಮನೆಯಿದು. ಹಳೆಯ ನಕ್ಷೆಯಲ್ಲಿ ಇದಕ್ಕೆ ಥಾರ್ನ್‌ಬರಿ ಹೌಸ್ ಎಂಬ ಹೆಸರಿದೆ. ಆ ಹೆಸರು ಹಿಡಿದು ಊರಿನಲ್ಲಿ ವಿಚಾರಿಸಿದರೆ ಯಾರಿಗೂ ತಿಳಿಯುವುದಿಲ್ಲ. ಬೀರಕ್ಕನ ಒಲೆ ಎಲ್ಲಿ ಎಂದು ಕೇಳಬೇಕು. ಆಗ ಅಂಗಳದಲ್ಲಿ ಆಡುತ್ತಿರುವ ಮಗುವೂ ಗುಡ್ಡದ ಕಡೆಗೆ ಬೆರಳು ತೋರಿಸುತ್ತದೆ.

ಬಂಗಲೆಯ ನಡುವಿನ ಹಜಾರಕ್ಕೆ ಕಾಲಿಟ್ಟವರು ಮೊದಲು ಕಾಣುವುದು ಪಶ್ಚಿಮದ ಗೋಡೆಯ ದೊಡ್ಡ ಕಿಟಕಿಯನ್ನು. ಎತ್ತಿನ ಗಾಡಿಯೇ ನುಗ್ಗಬಹುದಾದಷ್ಟು ಅಗಲ. ಎದುರಿನ ಗೋಡೆಯಲ್ಲಿ ಬಿಳಿ ಹಾಲುಗಲ್ಲಿನ ಚೌಕಟ್ಟಿನ ಒಂದು ಗೋಡೆಯೊಲೆ. ಅದರ ಬಾಯಿಯಲ್ಲಿ ಮೂರು ಒರಟು ಕಾಡುಕಲ್ಲುಗಳು, ಆ ಕಲ್ಲುಗಳ ನಡುವೆ ಬೆಂಕಿ. ಇಂದಿಗೂ ಉರಿಯುತ್ತಿರುವ ಬೆಂಕಿ. ಮಳೆಗೆ ಆರಬಾರದೆಂದು ಊರವರು ಆ ಮೂಲೆಗೆ ಮಾತ್ರ ನಾಲ್ಕು ತಗಡು ಹೊದಿಸಿದ್ದಾರೆ. ಒಲೆಗೂ ಕಿಟಕಿಗೂ ನಡುವೆ ಒಂದು ಕಲ್ಲಿನ ಆಸನವಿದೆ, ಕೈಗಳಿರುವ, ಒರಗು ಇರುವ ದೊಡ್ಡ ಆಸನ. ಅದರ ಮುಖ ಒಲೆಯ ಕಡೆಗೆ, ಬೆನ್ನು ಕಿಟಕಿಗೆ. ನೋಡಲು ಬಂದವರು ತಪ್ಪದೆ ಎರಡು ಪ್ರಶ್ನೆ ಕೇಳುತ್ತಾರೆ. ಸೂರಿಲ್ಲದ ಮನೆಯಲ್ಲಿ ಬೆಂಕಿ ಯಾರಿಗಾಗಿ? ಇಷ್ಟು ದೊಡ್ಡ ಕಿಟಕಿ ಇಡಿಸಿದ ಪುಣ್ಯಾತ್ಮ ಅದಕ್ಕೆ ಬೆನ್ನು ಹಾಕಿ ಕೂತದ್ದೇಕೆ? ಎರಡಕ್ಕೂ ಉತ್ತರ ಒಂದೇ. ಹಿರಿಯರು ಅದನ್ನು ಹೇಳುವ ಬಗೆ ಹೀಗಿದೆ.

ಹಿಂದೆ ಒಮ್ಮೆ, ಬೆಂಕಿಕಡ್ಡಿ ಎಂಬುದು ಈ ಸೀಮೆಗೆ ಇನ್ನೂ ಬಾರದಿದ್ದ ಕಾಲದಲ್ಲಿ, ಗುಡ್ಡದ ಮೇಲೆ ಬಂಗಲೆ ಇರಲಿಲ್ಲ. ಇದ್ದದ್ದು ಒಂದೇ ಒಂದು ಹುಲ್ಲಿನ ಗುಡಿಸಲು. ಅದನ್ನು ಕೆಂಡದ ಮನೆ ಎಂದು ಕರೆಯುತ್ತಿದ್ದರು. ಕುರಿ ಕಾಯುವ ಕುರುಬರ ಒಂದು ಮನೆತನ ಅಲ್ಲಿ ವಾಸವಾಗಿತ್ತು, ಬೆಂಕಿಯನ್ನು ಆರದಂತೆ ಕಾಯುವುದು ಅವರ ಪಾಲಿಗೆ ಬಂದ ಕೆಲಸ. ಬೆಳಗಾಗುತ್ತಲೇ ಊರಿನ ಹೆಂಗಸರು ಬೆರಣಿಯ ಚೂರು ಹಿಡಿದು ಗುಡ್ಡ ಹತ್ತುವರು. ಆ ಮನೆಯ ಹೆಂಗಸು ಒಲೆ ಕೆದಕಿ ಬೆರಣಿಯ ಮೇಲೊಂದು ಕೆಂಡವಿಟ್ಟು, "ಆರದಂಗೆ ಬಾಳವ್ವ" ಎಂದು ಹರಸಿ ಕಳಿಸುವಳು. ಕೆಂಡಕ್ಕೆ ಜಾತಿಯಿಲ್ಲ, ಯಾರು ಕೇಳಿದರೂ ಕೊಡಬೇಕು. ಕೊಡುವ ಕೈ ಮಾತ್ರ ಆ ಮನೆಯ ಮಗಳದ್ದೋ ಸೊಸೆಯದ್ದೋ ಆಗಿರಬೇಕು. ಸಂಜೆ ದೀಪ ಹಚ್ಚಿದ ಮೇಲೆ ಕೆಂಡ ಹೊಸ್ತಿಲು ದಾಟುವಂತಿಲ್ಲ. ಹೂಡಿದ ಒಲೆಗುಂಡುಗಳನ್ನು ಕದಲಿಸುವಂತಿಲ್ಲ. ನೀರು ಹೊಯ್ದು ಆರಿಸಿದ ಜಾಗದಲ್ಲಿ ಮತ್ತೆ ಒಲೆ ಹೂಡುವಂತಿಲ್ಲ. ಇವು ಕೆಂಡದ ಮನೆಯ ಕಟ್ಟುಗಳು.

ಈ ಕತೆಯ ಹೊತ್ತಿಗೆ ಆ ಮನೆಯಲ್ಲಿ ಉಳಿದಿದ್ದವಳು ಬೀರಕ್ಕ ಒಬ್ಬಳೇ. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಮಾತು ಕಡಿಮೆ, ಬಾಯಿ ತೆರೆದರೆ ಖಾರ. ಊರಿನ ಹೆಂಗಸರಿಗೆ ಅವಳೆಂದರೆ ಭಯವೂ ಇತ್ತು, ಸಲಿಗೆಯೂ ಇತ್ತು. ತಡವಾಗಿ ಬಂದ ಸೊಸೆಯರಿಗೆ "ಏನವ್ವ, ಗಂಡನ ಮನೆಯೋರು ಇವತ್ತು ಹಸಿಹಿಟ್ಟು ತಿಂತಾರಾ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಆದರೆ ಒಳಗೊಳಗೇ ಅವಳನ್ನು ತಿನ್ನುತ್ತಿದ್ದ ಚಿಂತೆ ಒಂದೇ. ತನ್ನ ಅತ್ತೆ, ಅತ್ತೆಯ ಅತ್ತೆ, ಅವರ ಹಿಂದಿನವರು ಎಲ್ಲರೂ ಕೈಯಿಂದ ಕೈಗೆ ಕೊಟ್ಟು ಬಂದ ಬೆಂಕಿ ಇದು. ತಾನು ಕೊಡಬೇಕೆಂದರೆ ಎದುರಿಗೆ ಕೈಯೇ ಇಲ್ಲ. ತಾನು ಸತ್ತ ಮೇಲೆ ಏನಾದರೂ ಆಗಲಿ, ಬದುಕಿರುವಾಗಲೇ ತನ್ನ ಕೈಯಲ್ಲಿ ಆರಿತು ಎನ್ನಿಸಿಕೊಳ್ಳಬಾರದು. ರಾತ್ರಿ ಮಲಗುವ ಮುನ್ನ ಕೆಂಡಕ್ಕೆ ಬೂದಿ ಮುಚ್ಚಿ, ಮತ್ತೆ ಎದ್ದು ಅಂಗೈ ಹಿಡಿದು ಬಿಸಿ ನೋಡಿಯೇ ಕಣ್ಣು ಮುಚ್ಚುತ್ತಿದ್ದಳು ಎನ್ನುತ್ತಾರೆ.

ಅಂಥ ಗುಡ್ಡಕ್ಕೆ ಥಾರ್ನ್‌ಬರಿ ದೊರೆ ಬಂದ. ಊರವರ ನಾಲಿಗೆಯಲ್ಲಿ ಅವನು ತಾರಂಬರಿ ದೊರೆ. ಇಂಗ್ಲೆಂಡಿನಲ್ಲಿ ಅವನದು ಬಹಳ ಹಳೆಯ ಮನೆತನವಂತೆ. ಆದರೆ ಅವರ ದೇಶದ ಪದ್ಧತಿ ವಿಚಿತ್ರ. ತಂದೆ ಸತ್ತರೆ ಮನೆ, ಹೊಲ, ತೋಪು, ಬಿರುದು ಎಲ್ಲವೂ ಹಿರಿಮಗನಿಗೆ, ಕಿರಿಯನಿಗೆ ಹಡಗಿನ ದಾರಿ. ಇವನು ಕಿರಿಯ. ಹುಟ್ಟಿದ ಮನೆಯನ್ನು ಕಳೆದುಕೊಂಡ ಹೊಟ್ಟೆಯುರಿಗೆ ಅದೇ ಮನೆಯನ್ನು ಇಲ್ಲಿ ಕಟ್ಟಿಸಿಕೊಳ್ಳುತ್ತೇನೆಂದು ಹಟ ತೊಟ್ಟ. ಗುಡ್ಡವನ್ನು ಸರ್ಕಾರದಿಂದ ಬರೆಸಿಕೊಂಡು, ಅಪ್ಪನ ಮನೆಯಲ್ಲಿ ಏನೇನಿತ್ತೋ ಎಲ್ಲವನ್ನೂ ಇಲ್ಲಿ ಮಾಡಿಸಿದ. ಅಲ್ಲಿ ಆರು ಗೋಡೆಯೊಲೆಗಳಿದ್ದವು, ಇಲ್ಲಿಯೂ ಆರು. ಅಲ್ಲಿ ಹಿಮ ಬೀಳುತ್ತಿತ್ತು, ಇಲ್ಲಿ ಬಿಸಿಲಿಗೆ ಬಂಡೆ ಬಿರಿಯುತ್ತದೆ ಎಂದು ಅವನಿಗೆ ಹೇಳುವವರು ಯಾರು? ಅಡುಗೆ ಮಾಡದ ಆರು ಒಲೆ ನೋಡಿ ಕಲ್ಲುಕುಟಿಗರು ಮುಸಿಮುಸಿ ನಕ್ಕರು. ಕೂಲಿ ಸರಿಯಾಗಿ ಸಿಗುತ್ತಿದ್ದುದರಿಂದ ನಗುವನ್ನು ನುಂಗಿಕೊಂಡರು.

ಗೃಹಪ್ರವೇಶ ಮಳೆಗಾಲದಲ್ಲಿ ಬಂತು. ಬೆಂಗಳೂರಿನ ದಂಡಿನಿಂದ ದೊರೆಗಳು, ದೊರೆಸಾನಿಯರು ಸಾರೋಟುಗಳಲ್ಲಿ ಬಂದಿಳಿದರು. ಹಜಾರದ ಒಲೆಯನ್ನು ದೊರೆ ತನ್ನ ಕೈಯಾರೆ ಹಚ್ಚುವುದೆಂದು ನಿಶ್ಚಯವಾಗಿತ್ತು. ಅವನ ಅಪ್ಪನ ಮನೆಯ ಹಜಾರದಲ್ಲಿ ತಲೆಮಾರುಗಳಿಂದ ಆರದ ಬೆಂಕಿಯೊಂದು ಇತ್ತಂತೆ. ಇಲ್ಲಿಯೂ ಹಾಗೆಯೇ ಆಗಬೇಕು, ಇಂದು ಹಚ್ಚಿದ್ದು ತಾನು ಬದುಕಿರುವವರೆಗೆ ಆರಕೂಡದು ಎಂದು ಅವನ ಸಂಕಲ್ಪ. ಎಲ್ಲವೂ ಸರಿ, ಆದರೆ ಚಕಮಕಿಯ ಜೊತೆ ಇಂಗ್ಲೆಂಡಿನಿಂದ ತರಿಸಿದ್ದ ಕಿಡಿ ಹಿಡಿಯುವ ಅರಳೆ ಮಳೆಯ ತೇವಕ್ಕೆ ಮೆತ್ತಗಾಗಿ ಕೂತಿತ್ತು. ದೊರೆಯ ಬಟ್ಲರ್ ಇನ್ನಾಸಪ್ಪ ಅಡುಗೆಮನೆಯಲ್ಲಿ ಕುಟ್ಟಿ ಕುಟ್ಟಿ ಬೆರಳು ಜಜ್ಜಿಕೊಂಡದ್ದೇ ಬಂತು, ಕಿಡಿ ಹತ್ತಲಿಲ್ಲ. ಹಜಾರದ ಒಲೆಗಿಂತ ಮೊದಲು ಮನೆಯಲ್ಲಿ ಬೇರೆ ಬೆಂಕಿ ಹಚ್ಚಬಾರದೆಂದು ದೊರೆಯ ಅಪ್ಪಣೆಯಿತ್ತು. ಹೊತ್ತು ಮುಳುಗುತ್ತಿತ್ತು. ದೊರೆಗೆ ಹೇಳಿದರೆ ಚರ್ಮ ಸುಲಿಯುತ್ತಾನೆ. ಇನ್ನಾಸಪ್ಪ ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ಮಳೆಯಲ್ಲಿ ತೊಯ್ದುಕೊಂಡು ಬೀರಕ್ಕನ ಗುಡಿಸಲಿಗೆ ಓಡಿದ.

ಬೀರಕ್ಕ ಆಗಲೇ ಹಣತೆಗೆ ಎಣ್ಣೆ ಎರೆದು ಬತ್ತಿ ಸರಿಮಾಡುತ್ತಿದ್ದಳು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತವನನ್ನು ಕಂಡು ಹಣತೆಯನ್ನು ಹಾಗೆಯೇ ಪಕ್ಕಕ್ಕಿಟ್ಟಳು. ಹಚ್ಚಿಬಿಟ್ಟಿದ್ದರೆ ಕೊಡುವಂತಿರಲಿಲ್ಲ. "ಯಾರ ಒಲೆಗಪ್ಪ?" ಎಂದು ಕೇಳಿದಳು. "ದೊರೆ ಒಲೆಗೆ ಕಣವ್ವ. ಯಾರಿಗೂ ಅನ್ನಬೇಡ, ನಿನ್ನ ಕಾಲಿಗೆ ಬೀಳ್ತೀನಿ" ಎಂದ. ಅವಳು ನಕ್ಕಳೋ ಇಲ್ಲವೋ ತಿಳಿಯದು. ಒಳ್ಳೆಯ ಕೆಂಡಗಳನ್ನೇ ಆಯ್ದು ಅವನು ತಂದಿದ್ದ ಬಾಣಲೆಗೆ ಹಾಕಿ, ಎಲ್ಲರಿಗೂ ಹರಸುವಂತೆ ಹರಸಿ ಕಳಿಸಿ, ಆಮೇಲೆ ಹಣತೆ ಹಚ್ಚಿದಳು. ಬಂಗಲೆಯಲ್ಲಿ ಸೌದೆಯ ಅಡಿಗೆ ಗುಟ್ಟಾಗಿ ಕೆಂಡ ಸೇರಿಸಿಟ್ಟದ್ದು ಯಾರಿಗೂ ಕಾಣಲಿಲ್ಲ. ದೊರೆ ಬಂದು ಚಕಮಕಿ ಬಡಿದ, ಬೆಂಕಿ ಭಗ್ಗೆಂದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಗ್ಲೆಂಡಿನ ಕಿಡಿ ಎಂದು ದೊರೆ ಹೆಮ್ಮೆಪಟ್ಟುಕೊಂಡ.

ಅಂದಿನಿಂದ ಆ ಬೆಂಕಿಯನ್ನು ಅವನು ಆರಗೊಡಲಿಲ್ಲ. ಚೈತ್ರ ವೈಶಾಖದ ಉರಿಬಿಸಿಲಿನಲ್ಲಿ ಹಜಾರದಲ್ಲಿ ಸೌದೆ ಉರಿಯುವುದು, ದೊರೆ ಬೆವರು ಸುರಿಸಿಕೊಂಡು ಕೂರುವುದು, ಮೇಲೆ ಪಂಕ ಎಳೆಯಲು ಇಬ್ಬರು ಆಳುಗಳು! ಒಂದು ಕಡೆ ಬೆಂಕಿ ಹಾಕಿಸಿಕೊಂಡು ಇನ್ನೊಂದು ಕಡೆ ಗಾಳಿ ಬೀಸಿಸಿಕೊಳ್ಳುವ ಮನುಷ್ಯನನ್ನು ಊರು ಅದುವರೆಗೆ ಕಂಡಿರಲಿಲ್ಲ. ನಡುವೆ ಒಮ್ಮೆ, ಇಂಗ್ಲೆಂಡಿನಿಂದ ಬಂದ ಅತಿಥಿಯೊಬ್ಬ ಊಟದ ಹೊತ್ತಿನಲ್ಲಿ ಒಂದು ಸುದ್ದಿ ಹೇಳಿದ. ಅಣ್ಣ ಅಲ್ಲಿ ಹಳೆಯ ಹಜಾರಕ್ಕೆ ಬೀಗ ಹಾಕಿಸಿದನಂತೆ, ಆ ಬೆಂಕಿಯನ್ನೂ ಆರಿಸಿದನಂತೆ. ದೊರೆ ತಟ್ಟೆ ಸರಿಸಿ ಎದ್ದವನು ಒಲೆಯ ಮುಂದೆ ಕೂತುಬಿಟ್ಟ. ದೊರೆ ಹಾಗೆ ಕೂತದ್ದನ್ನು ತಾನು ಎಂದೂ ಕಂಡಿರಲಿಲ್ಲವೆಂದು ಇನ್ನಾಸಪ್ಪ ಮುಂದೆ ಹೇಳುತ್ತಿದ್ದನಂತೆ. ಇನ್ನಾಸಪ್ಪನ ಗುಟ್ಟು ಅಂದಿನಿಂದ ಇನ್ನಷ್ಟು ಭಾರವಾಯಿತು. ಸಾಧಾರಣ ಬೆಂಕಿಯಾಗಿದ್ದರೆ ಎಂದೋ ಒಂದು ದಿನ ನಗುತ್ತಾ ಹೇಳಿಬಿಡಬಹುದಿತ್ತು.

ಇನ್ನು ಕಿಟಕಿಯ ವಿಚಾರ. ಆ ದೇಶದ ದೊಡ್ಡ ಮನೆಯವರಿಗೆ ಕಿಟಕಿಯೆಂದರೆ ಗಾಳಿಗಾಗಿ ಅಲ್ಲ, ನೋಟಕ್ಕಾಗಿ. ಕೂತಲ್ಲಿಂದ ಕಣ್ಣು ಹಾಯಿಸಿದರೆ ಹುಲ್ಲು, ಮರ, ಆಕಾಶ ಇಷ್ಟೇ ಕಾಣಬೇಕು, ಮನುಷ್ಯರ ಗುಡಿಸಲು, ಹೊಗೆ, ಕುರಿಹಟ್ಟಿ ಕಾಣಬಾರದು. ನೋಟಕ್ಕೆ ಅಡ್ಡ ಬಂದಿತೆಂದು ಇಡೀ ಊರುಗಳನ್ನೇ ಎಬ್ಬಿಸಿದ್ದುಂಟಂತೆ ಅಲ್ಲಿ. ಇಲ್ಲಿ ದೊರೆಯ ಕಿಟಕಿಯ ಸರಿಯಾಗಿ ನಡುವೆ ಬೀರಕ್ಕನ ಗುಡಿಸಲು, ಬೆಳಗೂ ಸಂಜೆಯೂ ಅದರ ಹೊಗೆ. ದಂಡಿನ ದೊಡ್ಡ ದೊರೆಯೊಬ್ಬರು ಬರುತ್ತಾರೆಂದು ಗೊತ್ತಾದಾಗ ಅದನ್ನು ತೆಗೆಸಲೇಬೇಕೆಂದು ತೀರ್ಮಾನಿಸಿದ. ಅವನು ಕ್ರೂರಿಯೇನೂ ಅಲ್ಲ. ಗುಡ್ಡದ ಹಿಂಬದಿಯಲ್ಲಿ ಹೆಂಚಿನ ಮನೆ ಕಟ್ಟಿಸಿಕೊಡುತ್ತೇನೆ ಎಂದು ಇನ್ನಾಸಪ್ಪನ ಬಾಯಲ್ಲಿ ಹೇಳಿಕಳಿಸಿದ. ಬೀರಕ್ಕ ಒಪ್ಪಲಿಲ್ಲ. "ಒಲೆಗುಂಡು ಕದಲಿಸಂಗಿಲ್ಲಪ್ಪ. ನನ್ನದಾದ್ರೆ ಗಂಟು ಕಟ್ಕೊಂಡು ಹೋಗ್ತಿದ್ದೆ. ಇದು ನಮ್ಮ ಹಿರೀಕರ ಬೆಂಕಿ, ನಿಮ್ಮ ದೊರೆಗೆ ಬಿಡಿಸಿ ಹೇಳು" ಎಂದಳು. ಇನ್ನಾಸಪ್ಪ ಬಿಡಿಸಿ ಹೇಳಲಿಲ್ಲ. ಬೆಂಕಿಯ ಮಾತೆತ್ತಿದರೆ ಅಂದಿನ ಬಾಣಲೆಯ ಮಾತೂ ಹೊರಬರುತ್ತದೆಂದು ಹೆದರಿ, "ಮುದುಕಿಗೆ ಜಾಗ ಬಿಡಲು ಮನಸ್ಸಿಲ್ಲವಂತೆ ಬುದ್ಧಿ" ಎಂದಷ್ಟೇ ಹೇಳಿ ಕೈ ತೊಳೆದುಕೊಂಡ. ಆ ಸೀಮೆಯಲ್ಲಿ ಬೀರಕ್ಕನ ಮಾತನ್ನು ಯಾರಿಗಿಂತಲೂ ಚೆನ್ನಾಗಿ ತಿಳಿದುಕೊಳ್ಳಬಹುದಾಗಿದ್ದ ಒಬ್ಬನ ಕಿವಿಗೆ ಆ ಮಾತು ಬೀಳಲೇ ಇಲ್ಲ.

ದೊಡ್ಡ ದೊರೆ ಬರುವ ಹಿಂದಿನ ದಿನ, ಹೊತ್ತು ನೆತ್ತಿಗೇರಿದ ಮೇಲೆ, ಬೀರಕ್ಕ ನೀರಿಗೆಂದು ಕೆರೆಗೆ ಇಳಿದಿದ್ದಳು. ಕಣಗಲಹಟ್ಟಿಯವರು ಯಾರೂ ಆ ಗುಡಿಸಲಿಗೆ ಕೈ ಹಾಕಲಾರರೆಂದು ದೊರೆಯ ಮೇಸ್ತ್ರಿ ಪರವೂರಿನ ಆಳುಗಳನ್ನು ಕರೆತಂದ. ಹುಲ್ಲಿನ ಸೂರು, ಒಳಗೆ ಬೆಂಕಿ. ಹತ್ತಿಕೊಂಡೀತೆಂದು ಅವರು ಮೊದಲು ಎರಡು ಕೊಡ ನೀರು ಒಲೆಗೆ ಹೊಯ್ದರು, ಜಾಗ್ರತೆಯಾಗಿಯೇ ಕೆಲಸ ಮಾಡಿದೆವೆಂದುಕೊಂಡರು. ಬೀರಕ್ಕ ಕೊಡ ಹೊತ್ತು ಮೇಲೆ ಬಂದಾಗ ಸೂರೂ ಇಲ್ಲ, ಗೋಡೆಯೂ ಇಲ್ಲ. ಒಲೆಗುಂಡುಗಳು ಅಲ್ಲೊಂದು ಇಲ್ಲೊಂದು ಉರುಳಿದ್ದವು. ಅವಳು ಗುಡಿಸಲಿಗಾಗಿ ಅಳಲಿಲ್ಲ. ತೇವದ ಬೂದಿಯೊಳಗೆ ಎರಡೂ ಕೈ ಹಾಕಿ ಕೆದಕಿದಳು. ಬಿಸಿ ಇರಲಿಲ್ಲ. ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಓಡಿದಳು. ಬೆಳಗ್ಗೆ ತಾನೇ ಕೊಟ್ಟ ಕೆಂಡ ಯಾವುದಾದರೂ ಒಲೆಯಲ್ಲಿ ಉಳಿದಿದ್ದರೆ ಸಾಕೆಂದು ಮನೆಮನೆಗೂ ನುಗ್ಗಿ ಬೂದಿ ಕೆದಕಿದಳು. ಎಲ್ಲ ಒಲೆಗಳೂ ತಣ್ಣಗಾಗಿದ್ದವು. ಗುಡ್ಡದ ಮೇಲೆ ಬೀರಕ್ಕ ಇರುವಾಗ ಬೆಂಕಿ ಉಳಿಸುವ ಗೋಜು ಯಾರಿಗೆ ಬೇಕಿತ್ತು? ಹೆಂಗಸರು ತಲೆಯ ಮೇಲೆ ಕೈ ಹೊತ್ತು ಕೂತರು. ಬೀರಕ್ಕ ಮರಳಿ ಗುಡ್ಡ ಹತ್ತಿ ಆ ಬೂದಿಯ ಮುಂದೆ ಕುಸಿದಳು. "ನನ್ನ ಕೈಯಾಗೇ ಆರ್ತಲ್ಲೋ ನಮ್ಮಪ್ಪ ಬೀರದೇವ್ರೆ" ಎಂದು ಅವಳು ಎದೆ ಬಡಿದುಕೊಂಡದ್ದು ಬಂಗಲೆಯವರೆಗೂ ಕೇಳಿಸಿತು ಎನ್ನುತ್ತಾರೆ.

ಕೇಳಿಸಬೇಕಾದವನಿಗೆ ಕೇಳಿಸಿತು. ಇನ್ನಾಸಪ್ಪ ಹೊತ್ತು ಇಳಿಯುವ ವೇಳೆಗೆ ಅಲ್ಲಿಗೆ ಬಂದು ಅವಳ ಮುಂದೆ ಕೂತ. "ಅವ್ವ, ಅವತ್ತು ನೀನು ಕೊಟ್ಟೆಯಲ್ಲ, ಆ ಕೆಂಡ ಇನ್ನೂ ಆರಿಲ್ಲ ಕಣವ್ವ" ಎಂದ. ದೊರೆಗಳ ಬೆಂಕಿ ಮೋಜಿನ ಬೆಂಕಿ, ದಿನವೂ ಆರಿಸಿ ಹೊಸದಾಗಿ ಹಚ್ಚಿಕೊಳ್ಳುತ್ತಾರೆಂದು ಬೀರಕ್ಕ ನಂಬಿದ್ದಳು. ಕಣ್ಣೊರೆಸಿಕೊಂಡು ಎದ್ದಳು. ಒಂದು ಬೆರಣಿ ಚೂರು ಹುಡುಕಿ ಹಿಡಿದುಕೊಂಡು, ಆಳುಕಾಳುಗಳು ಎಂದೂ ತುಳಿಯದ ಮುಂಬಾಗಿಲಿನಿಂದಲೇ ಬಂಗಲೆಯ ಒಳಗೆ ನಡೆದಳು. ಅಷ್ಟರಲ್ಲಿ ಆಳೊಬ್ಬ ಹಜಾರದ ದೀಪಗಳನ್ನು ಹಚ್ಚಲು ಬಂದಿದ್ದ. ಇನ್ನಾಸಪ್ಪ ಅವನ ಕೈ ಹಿಡಿದು ನಿಲ್ಲಿಸಿದ. ತನಗಾಗಿ ಒಮ್ಮೆ ಹಣತೆ ತಡೆದವಳಿಗಾಗಿ ಅವನು ಮಾಡಬಹುದಾದದ್ದು ಅಷ್ಟು, ಮತ್ತು ಇನ್ನೊಂದು. ಆ ಇನ್ನೊಂದೇ ಕಷ್ಟದ್ದು.

ದೊರೆ ಒಲೆಯ ಹತ್ತಿರ ನಿಂತಿದ್ದ. ಮುದುಕಿ ಗುಡಿಸಲಿಗಾಗಿ ಜಗಳಕ್ಕೆ ಬಂದಳೆಂದು ತಿಳಿದು, ಹೆಂಚಿನ ಮನೆಯ ಮಾತನ್ನೇ ಮತ್ತೆ ಎತ್ತಿದ. ಅವಳು ಬೆರಣಿ ಚಾಚಿದಳು. ಒಂದು ಕೆಂಡ ಕೇಳುತ್ತಿದ್ದಾಳೆ ಎಂದು ಇನ್ನಾಸಪ್ಪ ತಿಳಿಸಿದ. ದೊರೆಗೆ ನಗು ಬಂತು, ಇಷ್ಟೇ ತಾನೆ, ಕೊಟ್ಟು ಕಳಿಸು ಎಂದ. ಇನ್ನಾಸಪ್ಪ ಇಕ್ಕಳಕ್ಕೆ ಕೈ ಹಾಕುವಷ್ಟರಲ್ಲಿ ಬೀರಕ್ಕ ಬೆರಣಿಯನ್ನು ಹಿಂದಕ್ಕೆ ಎಳೆದುಕೊಂಡಳು. "ಹಿಂಗೆ ಇಸ್ಕೊಂಡ್ರೆ ಅದು ದೊರೆ ಬೆಂಕಿ ಆಯ್ತದೆ. ನನ್ನದು ಅಂತ ಹೇಳಿ ಕೊಡು ಇನ್ನಾಸಪ್ಪ" ಎಂದು ಅವನ ಮುಖವನ್ನೇ ನೋಡಿದಳು. ಬಟ್ಲರ್ ಕೆಲಸ, ಅಂಗಿ, ರುಮಾಲು ಎಲ್ಲವೂ ಅವನ ಕಣ್ಣ ಮುಂದೆ ಸುಳಿದಿರಬೇಕು. ಆದರೂ ಹೇಳಿದ. ಒದ್ದೆ ಅರಳೆ, ಬಾಣಲೆ, ಸೌದೆಯ ಅಡಿಯ ಕೆಂಡ, ತಾನು ಬಿಡಿಸಿ ಹೇಳದೆ ನುಂಗಿಕೊಂಡ ಮಾತು, ಎಲ್ಲವನ್ನೂ ಹೇಳಿದ. ದೊರೆಯ ಮುಖ ಕೆಂಪಾಯಿತು. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಎಲ್ಲರೂ ಕಾದರು. ಅವನು ಕೇಳಿದ್ದು, ಆ ಬೆಂಕಿ ಎಂದಿನಿಂದ ಉರಿಯುತ್ತಿತ್ತು ಎಂದು. "ನಮ್ಮ ಹಿರೀಕರಿಗೇ ತಿಳೀದು ಬುದ್ಧಿ. ಯಾವತ್ತೂ ಉರೀತಿತ್ತು" ಎಂದಳು ಬೀರಕ್ಕ. ಆರಿಸಿದವರು ಯಾರು ಎಂದು ದೊರೆ ಕೇಳಿದ. ಇನ್ನಾಸಪ್ಪ ತಲೆ ತಗ್ಗಿಸಿ, "ತಾವೇ ಬುದ್ಧಿ" ಎಂದ.

ದೊರೆ ಗುಡಿಸಲಿದ್ದ ಜಾಗಕ್ಕೆ ನಡೆದ. ನೀರು ಬಿದ್ದ ಜಾಗದಲ್ಲಿ ಮತ್ತೆ ಒಲೆ ಹೂಡುವಂತಿಲ್ಲ, ಬೆಂಕಿ ಎಲ್ಲಿ ಬದುಕಿದೆಯೋ ಅಲ್ಲಿಯೇ ಹೂಡಬೇಕು, ಗುಂಡುಗಳನ್ನು ಕಿತ್ತವರೇ ಊರಬೇಕು ಎಂದು ಬೀರಕ್ಕ ಹೇಳಿದಳಂತೆ. ದೊರೆ ಆ ಮೂರು ಕಲ್ಲುಗಳನ್ನು ಒಂದೊಂದಾಗಿ ಎದೆಗವಚಿಕೊಂಡು ತಂದು, ಬಿಳಿ ಹಾಲುಗಲ್ಲಿನ ಒಲೆಯೊಳಗೆ ಮಂಡಿಯೂರಿ ಕೂತು ಇಟ್ಟನಂತೆ. ಅಷ್ಟು ಭಾರದ ಕಲ್ಲುಗಳನ್ನು ಒಬ್ಬನೇ ಹೊತ್ತನೇ, ಆಳುಗಳು ಕೈ ಹಾಕಲಿಲ್ಲವೇ ಎಂದು ಕೇಳಿದರೆ ಹಿರಿಯರು ಸಿಡುಕುತ್ತಾರೆ. ಇರಲಿ, ಅವನೇ ಹೊತ್ತನೆಂದೇ ಇಟ್ಟುಕೊಳ್ಳೋಣ. ಬೀರಕ್ಕ ಸೆರಗು ಸಿಕ್ಕಿಸಿಕೊಂಡು ಉರಿಯನ್ನು ಗುಂಡುಗಳ ನಡುವೆ ಸರಿಪಡಿಸಿದಳು, ಬೂದಿ ಎಳೆದು ಅಂಗೈ ಹಿಡಿದು ಬಿಸಿ ನೋಡಿದಳು. ಆಮೇಲೆ ಇನ್ನಾಸಪ್ಪನ ಕಡೆ ತಿರುಗಿ ದೀಪ ಹಚ್ಚು ಎಂದು ಸನ್ನೆ ಮಾಡಿದಳು.

ಮಾರನೆಯ ಬೆಳಗ್ಗೆ ದೊಡ್ಡ ದೊರೆಯ ಸಾರೋಟು ಬಂದು ನಿಂತಾಗ ಮುಂಬಾಗಿಲಿನಲ್ಲಿ ಕಣಗಲಹಟ್ಟಿಯ ಹೆಂಗಸರ ಸಾಲು. ಕೈಯಲ್ಲಿ ಬೆರಣಿ, ಕಂಕುಳಲ್ಲಿ ಕೂಸು. ಕಿಟಕಿಯಿಂದ ಒಂದು ಗುಡಿಸಲೂ ಕಾಣಬಾರದೆಂದು ಹೊರಟ ಮನುಷ್ಯನ ಹಜಾರದೊಳಗೆ ಇಡೀ ಊರೇ ಬಂದು ನಿಂತಿತ್ತು! ದೊಡ್ಡ ದೊರೆ ಊಟಕ್ಕೂ ನಿಲ್ಲದೆ ಹೊರಟುಹೋದರಂತೆ. ಮುಂದೆ ದಂಡಿನಿಂದ ಬರುವವರೂ ಕಡಿಮೆಯಾದರು. ಬೀರಕ್ಕನಿಗೆ ಬಂಗಲೆಯ ಹಿಂದೆ ಒಂದು ಕೋಣೆಯಾಯಿತು, ಇನ್ನಾಸಪ್ಪನ ರುಮಾಲು ಅವನ ತಲೆಯ ಮೇಲೆಯೇ ಉಳಿಯಿತು. ದೊರೆ ಕಿಟಕಿಯ ಬಳಿಯ ಕಲ್ಲಿನ ಆಸನವನ್ನು ಕೀಳಿಸಿ ಒಲೆಗೆ ಮುಖ ಮಾಡಿ ಹಾಕಿಸಿದ. ಬೆಳಗ್ಗೆ ಅವಳು ಕೆಂಡ ಹಂಚುವುದನ್ನು ಅಲ್ಲಿಂದ ನೋಡುತ್ತ ಕೂರುತ್ತಿದ್ದ. ಹೆಂಗಸರು ಮೊದಮೊದಲು ನಾಚಿ ಮುದುಡುತ್ತಿದ್ದರು, ಬರಬರುತ್ತ ಅವನು ಕೂತಿದ್ದಾನೆ ಎಂಬುದನ್ನೇ ಮರೆತು ಮನೆಮಾತು ಆಡತೊಡಗಿದರು. ಅವನಿಗೂ ಬೀರಕ್ಕನಿಗೂ ನಡುವೆ ಮಾತಿಲ್ಲ. ದೊರೆಗೆ ಕನ್ನಡ ಹತ್ತಲಿಲ್ಲ, ಬೀರಕ್ಕನಿಗೆ ಅವನ ಭಾಷೆ ಬೇಕಿರಲಿಲ್ಲ. ಸೌದೆ ಹಸಿಯಾಗಿದ್ದರೆ ಮಾತ್ರ ಅವನ ಮುಖಕ್ಕೇ ಬೈಯುತ್ತಿದ್ದಳು.

ಹಾಗೆಯೇ ವರ್ಷಗಳು ಕಳೆದವು. ಒಂದು ಮಾಗಿಯಲ್ಲಿ ಬೀರಕ್ಕ ಮಲಗಿದಲ್ಲಿಯೇ ಕಣ್ಣು ಮುಚ್ಚಿದಳು. ಹಿಂದಿನ ಸಂಜೆ ಕೆಂಡಕ್ಕೆ ಬೂದಿ ಮುಚ್ಚಿಯೇ ಮಲಗಿದ್ದಳು. ಮಣ್ಣು ಮಾಡಿ ಬಂದ ಮರುದಿನ ಹೆಂಗಸರು ಅಭ್ಯಾಸಬಲದಿಂದ ಗುಡ್ಡ ಹತ್ತಿ ಬಂದು ಹಜಾರದ ಬಾಗಿಲಲ್ಲಿ ನಿಂತರು. ಒಳಗೆ ಹೋಗುವ ಧೈರ್ಯ ಯಾರಿಗೂ ಇಲ್ಲ. ಕೊಡುವ ಕೈ ಮಗಳದ್ದೋ ಸೊಸೆಯದ್ದೋ ಆಗಬೇಕು, ಎರಡೂ ಇಲ್ಲ. ಬೂದಿಯೊಳಗೆ ಕೆಂಡ ಕಾಯುತ್ತಿತ್ತು, ಬಾಗಿಲಲ್ಲಿ ಬೆರಣಿಗಳು ಕಾಯುತ್ತಿದ್ದವು. ಆಗ ದೊರೆ ಆಸನದಿಂದ ಎದ್ದ. ಅವನಿಗೂ ಆಗ ತಲೆ ನೆರೆತಿತ್ತು, ಹೆಂಡತಿ ಮಕ್ಕಳಿರಲಿಲ್ಲ. ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಅವಳು ಕೆದಕುತ್ತಿದ್ದ ಹಾಗೆಯೇ ಬೂದಿ ಕೆದಕಿ, ತನ್ನ ಮನೆತನದ ಗುರುತಿದ್ದ ಇಕ್ಕಳದಲ್ಲಿ ಒಂದು ಕೆಂಡ ಎತ್ತಿ ಹಿಡಿದ. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಎಲ್ಲರಿಗಿಂತ ಹಿರಿಯ ಮುದುಕಿಯೊಬ್ಬಳು ಮುಂದೆ ಬಂದು ಬೆರಣಿ ಚಾಚಿದಳು. ದೊರೆ ಅದರ ಮೇಲೆ ಕೆಂಡವಿಟ್ಟು, ಅಷ್ಟು ವರ್ಷ ದಿನವೂ ಕೇಳಿದ್ದ, ತನಗೆ ಬರುತ್ತಿದ್ದ ಒಂದೇ ಒಂದು ಕನ್ನಡದ ಮಾತನ್ನು ಹೇಳಿದ. "ಆರದಂಗೆ ಬಾಳವ್ವ" ಎಂದ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಸಾಲು ಎಂದಿನಂತೆ ಸಾಗಿತು.

ಸಾಯುವವರೆಗೂ ಕೆಂಡ ಕೊಟ್ಟವನು ಅವನೇ. ಅವನ ನಂತರ ಇಂಗ್ಲೆಂಡಿನಿಂದ ಅಣ್ಣನ ಮಗನೊಬ್ಬ ಬಂದು ತೊಲೆ, ಬಾಗಿಲು, ಹೆಂಚು, ಕಿಟಕಿಯ ಗಾಜು ಎಲ್ಲವನ್ನೂ ಮಾರಿ ಹೊರಟುಹೋದ. ಹಾಲುಗಲ್ಲಿನ ಚೌಕಟ್ಟಿಗೆ ಒಳ್ಳೆಯ ಬೆಲೆ ಇತ್ತು, ಆದರೆ ಉರಿಯುವ ಒಲೆಯನ್ನು ಕೀಳಲು ಯಾವ ಆಳೂ ಒಪ್ಪಲಿಲ್ಲ. ಬೆಂಕಿ ಕಾಯುವ ಹಕ್ಕು ಯಾರದೆಂದು ಊರಿನಲ್ಲಿ ಸ್ವಲ್ಪ ಜಗಳವಾಯಿತಂತೆ. ದೊರೆಯೇ ಬೀರಕ್ಕನ ಮಗಳಾಗಬಹುದಾದರೆ ನಾವ್ಯಾಕೆ ಆಗಬಾರದು ಎಂದು ಹೆಂಗಸರು ಗದರಿದ ಮೇಲೆ ಅದೂ ತಣ್ಣಗಾಯಿತು. ಇಂದಿಗೂ ಮನೆಗೊಂದು ಸರದಿಯಂತೆ ಕಾಯುತ್ತಾರೆ. ಮನೆಮನೆಗೆ ಗ್ಯಾಸ್ ಒಲೆ ಬಂದಿದೆ, ದಿನವೂ ಕೆಂಡ ಬೇಕಿಲ್ಲ. ಆದರೂ ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ದಿನ ಇಲ್ಲಿಂದ ಕೆಂಡ ಹೋಗಲೇಬೇಕು. ದೀಪ ಹಚ್ಚುವ ಹೊತ್ತು ಮೀರಿದರೆ, ಎಂಥ ದೊಡ್ಡವರು ಕೇಳಿದರೂ ಸಿಗುವುದಿಲ್ಲ.

ನೋಡಲು ಹೋದವರು ಒಲೆಯ ಪಕ್ಕದ ಮೊಳೆಗೆ ನೇತುಹಾಕಿದ ಇಕ್ಕಳವನ್ನು ಗಮನಿಸಬಹುದು. ಅದರ ಹಿಡಿಯ ಮೇಲೆ ಥಾರ್ನ್‌ಬರಿ ಮನೆತನದ ಗುರುತು ಕೆತ್ತಿತ್ತಂತೆ, ಈಗ ಮಸಿ ಕಟ್ಟಿ ಏನೂ ಕಾಣುವುದಿಲ್ಲ. ಆಸನದ ಮೇಲೆ ಕೂರಲು ಯಾರ ಅಡ್ಡಿಯೂ ಇಲ್ಲ, ಕೂತರೆ ಮುಖಕ್ಕೆ ಒಲೆಯ ಬಿಸಿ ತಾಗುತ್ತದೆ. ಎದ್ದು ತಿರುಗಿದರೆ ಕಿಟಕಿ. ಗುಡಿಸಲಿದ್ದ ಜಾಗದಲ್ಲಿ ಯಾರೂ ಏನನ್ನೂ ಕಟ್ಟಿಲ್ಲ. ಹುಲ್ಲು, ಒಂದೆರಡು ಮರ, ಆಕಾಶ, ದೊರೆ ಬಯಸಿದ್ದ ನೋಟ ಹಾಗೆಯೇ ಇದೆ. ಅದನ್ನು ನೋಡಲೆಂದೇ ಅಷ್ಟು ದೊಡ್ಡ ಕಿಟಕಿ ಮಾಡಿಸಿದವನು ಸಾಯುವವರೆಗೂ ಮತ್ತೆ ಅತ್ತ ತಿರುಗಿ ಕೂರಲಿಲ್ಲ ಎನ್ನುತ್ತಾರೆ.